ಮಂಜುಗಡ್ಡೆಯ ಉಗ್ರಾಣದಲ್ಲಿ ಸೇಬಿನ ಪುಸ್ತಕ

ಆ ಬೇಸಿಗೆಯಲ್ಲಿ ಟ್ವಿಚೆಲ್ ಮನೆಯವರು ಬೆಣ್ಣೆಯನ್ನು ಚಮಚದಲ್ಲಿ ಕುಡಿಯಬೇಕಾಗಿ ಬಂದಿತ್ತು. ಮೆರಿಮ್ಯಾಕ್ ನದಿಯ ದಂಡೆಯ ಆ ಊರಿನಲ್ಲಿ ಬೆಳಗಾದರೆ ಸಾಕು, ಮನೆಮನೆಯ ಮುಂದೆಯೂ ಜೇಬೆಜ್ ಸ್ಪಾಫರ್ಡನ ಗಾಡಿ ನಿಲ್ಲುತ್ತಿತ್ತು, ಮನೆಗೊಂದು ಮಂಜುಗಡ್ಡೆ ಇಳಿಯುತ್ತಿತ್ತು. ಎಲ್ಲರ ಮನೆಯಲ್ಲೂ ಹಾಲು ಒಡೆಯದೆ, ಬೆಣ್ಣೆ ಬೆಣ್ಣೆಯಾಗಿಯೇ ಇರುತ್ತಿತ್ತು. ಟ್ವಿಚೆಲ್ ಮನೆ ಬಂತೆಂದರೆ ಮಾತ್ರ ಸ್ಪಾಫರ್ಡ್ ಮುಖವನ್ನು ನದಿಯ ಕಡೆ ತಿರುಗಿಸಿಕೊಂಡು ಗಾಡಿ ಓಡಿಸಿಬಿಡುತ್ತಿದ್ದ. ಅವನ ಕುದುರೆಗೂ ಅದೇ ರೂಢಿಯಾಗಿ, ಆ ಬಾಗಿಲು ಹತ್ತಿರವಾದೊಡನೆ ಯಾರೂ ಹೇಳದೆಯೇ ಹೆಜ್ಜೆ ಬಿರುಸು ಮಾಡುತ್ತಿತ್ತು.

ಜಗಳ ಹುಟ್ಟಿದ್ದು ಒಂದು ಕರಪತ್ರದಿಂದ. ಅಬ್ನರ್ ಟ್ವಿಚೆಲ್ ಊರಿನ ಮುದ್ರಕ. ಹರಾಜಿನ ನೋಟೀಸು, ಪಾದ್ರಿಗಳ ಉಪದೇಶ, ಕೆಮ್ಮಿನ ಔಷಧಿಯ ಚೀಟಿ, ಇವನ್ನೆಲ್ಲ ಅಚ್ಚು ಹಾಕಿ ಹೊಟ್ಟೆ ಹೊರೆಯುತ್ತಿದ್ದವನು. ಆದರೆ ಮನಸ್ಸೆಲ್ಲ ಚಂದದ ಪುಸ್ತಕದ ಮೇಲೆ. ಅಕ್ಷರ ಹದವಾಗಿರಬೇಕು, ಮಸಿ ಎಲ್ಲ ಪುಟದಲ್ಲೂ ಒಂದೇ ಕಪ್ಪಾಗಿರಬೇಕು, ಸುತ್ತ ಅಗಲವಾದ ಬಿಳಿ ಅಂಚು ಇರಬೇಕು. ಇಂಥ ಮನುಷ್ಯನ ಹತ್ತಿರ ಸ್ಪಾಫರ್ಡ್ ಬಂದು, ತನ್ನ ಮಂಜುಗಡ್ಡೆ ವ್ಯಾಪಾರಕ್ಕೆ ಗೋಡೆಗೆ ಅಂಟಿಸುವ ಕರಪತ್ರ ಬೇಕೆಂದ.

"ಕುದುರೆ ಮೇಲೆ ಓಡೋನಿಗೂ ಕಾಣ್ಬೇಕು ಕಣಯ್ಯ. ದಪ್ಪ ದಪ್ಪ ಅಕ್ಷರ ಹಾಕು. ಒಂದು ಕೈ ಹಾಕು, ಬೆರಳು ತೋರಿಸ್ತಿರೋ ಕೈ. ಎರಡು ಹಾಕಿದ್ರೂ ನಾನೇನು ಬೇಡ ಅನ್ನಲ್ಲ."

ಅಬ್ನರ್ ಹೂಂ ಅಂದ. ಆದರೆ ಕೆಲಸಕ್ಕೆ ಕೂತಾಗ ಅವನ ಕೈ ದಪ್ಪ ಅಕ್ಷರದ ಪೆಟ್ಟಿಗೆಯ ಕಡೆ ಹೋಗಲೇ ಇಲ್ಲ. ಪುಸ್ತಕದ ಮುಖಪುಟಕ್ಕೆ ಹಾಕುವಂಥ ಸಣ್ಣ ಸುಂದರ ಅಕ್ಷರಗಳಲ್ಲಿ ನಾಲ್ಕು ಸಾಲು ಜೋಡಿಸಿ, ಕಾಗದದ ನಟ್ಟನಡುವೆ ಒತ್ತಿದ. ಸುತ್ತ ಬಿಳಿಯೋ ಬಿಳಿ. ಅದನ್ನು ಓದಬೇಕೆಂದರೆ ಗೋಡೆಗೆ ಮೂಗು ತಾಗಿಸಬೇಕಾಗಿತ್ತು. ಸ್ಪಾಫರ್ಡನ ಮಂಜುಗಡ್ಡೆ ಬಿಸಿಲಿಗೆ ಕರಗಿ ಕರಗಿ ಇಷ್ಟೇ ಉಳಿದಿದೆಯಂತೆ ಎಂದು ಊರೆಲ್ಲ ಆಡಿಕೊಂಡು ನಕ್ಕಿತು.

ಸ್ಪಾಫರ್ಡ್ ಕೆಂಡಾಮಂಡಲವಾಗಿ ಬಂದ. "ಕಾಗದ ಪೂರ್ತಿ ನಂದು. ಅಕ್ಷರ ಮಾತ್ರ ಇರುವೆ ಸಾಲಿನಷ್ಟಾ? ಈ ಉಳಿದಿದ್ದೆಲ್ಲ ಏನು?"

"ಅದು ಅಂಚು ಜೇಬೆಜ್. ಪುಟಕ್ಕೆ ಉಸಿರಾಡೋಕೆ ಜಾಗ ಬೇಕು."

"ಪುಟ ಉಸಿರಾಡ್ಲಿ, ನಾನು ಉಸಿರು ಕಟ್ಟಿ ಸಾಯ್ತೀನಿ!"

ಅಂದಿನಿಂದ ಗಾಡಿ ನಿಲ್ಲಲಿಲ್ಲ. ಅಬ್ನರ್‌ಗೆ ಅದರಿಂದ ಏನೂ ಅನ್ನಿಸಲಿಲ್ಲ. ಅನ್ನಿಸಿದ್ದು ಅವನ ಅಕ್ಕ ಡಾರ್ಕಸ್‌ಗೆ. ಮದುವೆಯಾಗದ ಇಬ್ಬರೂ ಒಂದೇ ಮನೆಯಲ್ಲಿದ್ದರು. ಕೆಳಗೆ ಪ್ರೆಸ್ಸು, ಮೇಲೆ ಸಂಸಾರ. ಅಚ್ಚಿನ ಅಕ್ಷರದ ಮೊಳೆ ಜೋಡಿಸುವುದರಲ್ಲಿ ಡಾರ್ಕಸ್‌ಳಷ್ಟು ಚುರುಕು ಕೈ ಆ ಸೀಮೆಯಲ್ಲಿ ಇರಲಿಲ್ಲ. ನಾಲಿಗೆಯೂ ಅಷ್ಟೇ ಚುರುಕು.

"ನಿನ್ನ ಅಂಚಿನ ದೆಸೆಯಿಂದ ನನ್ನ ಅಡುಗೆಮನೆ ಹಾಳಾಯ್ತು" ಎಂದು ದಿನಾ ಅನ್ನುವಳು. "ಹೋಗಿ ಒಂದು ಮಾತು ತಪ್ಪಾಯ್ತು ಅಂದ್ರೆ ನಿನ್ನ ಗಂಟೇನು ಹೋಗುತ್ತೋ?"

"ತಪ್ಪು ಮಾಡಿದ್ರೆ ತಾನೇ ಅನ್ನೋದು?"

ಅಬ್ನರ್‌ಗೆ ಆಗ ಸ್ಪಾಫರ್ಡನ ಮುನಿಸನ್ನು ತಲೆಗೆ ಹಾಕಿಕೊಳ್ಳಲು ಪುರಸೊತ್ತೂ ಇರಲಿಲ್ಲ. ಜೀವಮಾನವೆಲ್ಲ ಕಾದಿದ್ದ ಕೆಲಸ ಕೊನೆಗೂ ಮನೆ ಬಾಗಿಲಿಗೆ ಬಂದಿತ್ತು.

ಊರಿನಲ್ಲಿ ಡಾಕ್ಟರ್ ಆಲ್ಡನ್ ಎಂಬುವರಿದ್ದರು. ರೋಗಿಗಳನ್ನು ನೋಡಲು ಗಾಡಿ ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗುವಾಗ ಹೋದ ಮನೆಯಲ್ಲೆಲ್ಲ ಹಿತ್ತಲ ಸೇಬನ್ನು ಕಿತ್ತು ತಿಂದು, ಅದರ ಬಣ್ಣ, ರುಚಿ, ಯಾವ ತಿಂಗಳಿಗೆ ಹಣ್ಣಾಗುತ್ತದೆ, ಯಾವ ಕಡುಬಿಗೆ ಒಳ್ಳೆಯದು ಎಲ್ಲವನ್ನೂ ಬರೆದಿಡುವುದು ಅವರ ಹುಚ್ಚು. ಒಂದೇ ಹಿತ್ತಲಲ್ಲಿ ಒಂದೇ ಮರವಿದ್ದು, ಆ ಮರದೊಂದಿಗೇ ಕಾಣೆಯಾದ ಸೇಬುಗಳೂ ಅದರಲ್ಲಿದ್ದವು. ಅದನ್ನು ಪುಸ್ತಕ ಮಾಡಬೇಕೆಂದು ಅವರು ವಯಸ್ಸಿನಲ್ಲಿದ್ದಾಗಲೇ ಹಾಲೆಂಡಿಗೆ ಹೋಗಿ, ಅಲ್ಲಿ ಕೈಯಿಂದ ಮಾಡಿದ ಕಾಗದ ಕೊಂಡು ತಂದು ಅಟ್ಟದ ಮೇಲೆ ಇಟ್ಟಿದ್ದರು. ಡಾಕ್ಟರು ತೀರಿಕೊಂಡರು. ಕಾಗದ ಅಟ್ಟದಲ್ಲೇ ಉಳಿಯಿತು. ಅದನ್ನು ಮಾಡಿದ ಕಾರ್ಖಾನೆಯೂ ಯಾವಾಗಲೋ ಮುಚ್ಚಿಹೋಗಿತ್ತು.

ಮಿಸೆಸ್ ಆಲ್ಡನ್ ಆ ಕಾಗದವನ್ನು ಗಾಡಿಯಲ್ಲಿ ಹೇರಿಸಿಕೊಂಡು, ತಾವೂ ಅದರ ಪಕ್ಕದಲ್ಲೇ ಕೂತು ಬಂದರು.

"ಇದು ಅವರು ಮುಟ್ಟಿ ಮುಟ್ಟಿ ನೋಡಿಟ್ಟ ಕಾಗದ, ಮಿಸ್ಟರ್ ಟ್ವಿಚೆಲ್. ಪುಸ್ತಕ ಇದ್ರಲ್ಲೇ ಆಗ್ಬೇಕು. ಬೇರೆ ಕಾಗದ ಆದ್ರೆ ನಂಗೆ ಪುಸ್ತಕಾನೇ ಬೇಡ. ಹೆಚ್ಚಿಗೆ ಏನೂ ಇಲ್ಲ, ಲೆಕ್ಕಕ್ಕೆ ಸರಿಯಾಗಿದೆ. ನಿಮ್ಮ ಕೈಲಿ ಕೊಟ್ಟಿದೀನಿ."

ಅಬ್ನರ್ ಒಂದು ಹಾಳೆ ತೆಗೆದು ಕಿಟಕಿಗೆ ಹಿಡಿದ. ಕೆನೆಯ ಬಣ್ಣ. ಅಲ್ಲಾಡಿಸಿದರೆ ಹೊಸ ಬಟ್ಟೆ ಕೊಡವಿದ ಸದ್ದು. ಅವನ ಕಣ್ಣು ತುಂಬಿ ಬಂತು. ಅದನ್ನು ಮುಚ್ಚಿಕೊಳ್ಳಲು ಸುಮ್ಮನೆ ಕೆಮ್ಮಿದ.

ಇಂಥ ಕಾಗದ ಒಣಗಿದ್ದರೆ ಮಸಿ ಹಿಡಿಯುವುದಿಲ್ಲ. ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಪೇರಿಸಿ, ಭಾರ ಹೇರಿ, ಹದವಾಗಿ ನೆನೆದ ಮೇಲೆ ಕೈಪ್ರೆಸ್ಸಿಗೆ ಕೊಡಬೇಕು. ಆಗ ಮಸಿ ಕಾಗದದ ಮೇಲೆ ಕೂರುವುದಿಲ್ಲ, ಒಳಗಿಳಿಯುತ್ತದೆ. ಪ್ರೆಸ್ಸಿನ ಹಿಡಿ ಎಳೆಯುವವನು ಫಿನ್‌ಟನ್ ಡೂಲನ್, ಐರ್ಲೆಂಡಿನಲ್ಲಿ ಕಸುಬು ಕಲಿತು ಹಡಗು ಹತ್ತಿ ಬಂದವನು. ನೆನೆಸುವ ಬೆಳಗ್ಗೆ ಅವನೂ ಅಬ್ನರನೂ ಮಾತಿಗೆ ಮಾತು ಬೆಳೆಸಿದರು.

"ಯಜಮಾನ್ರೇ, ನಾಳೆ ಸಂಜೆಗೆ ಎಷ್ಟು ಒತ್ತಿ ಮುಗಿಸ್ತೀವೋ ಅಷ್ಟನ್ನೇ ಇವತ್ತು ನೆನೆಸೋದು. ನಮ್ಮಪ್ಪ ಹಂಗೇ ಮಾಡಿದ್ದು, ಅವರಪ್ಪ ಹಂಗೇ ಮಾಡಿದ್ದು."

"ನಿಮ್ಮಪ್ಪ ಇಂಥ ಕಾಗದ ಕಂಡಿದ್ನಾ? ದಿನಕ್ಕಿಷ್ಟು ಅಂತ ನೆನೆಸಿದ್ರೆ ಒಂದೊಂದು ದಿನ ಒಂದೊಂದು ಹದ. ಮೊದಲನೇ ಪುಟ ಒಂದು ಕಪ್ಪು, ಕೊನೇ ಪುಟ ಇನ್ನೊಂದು ಕಪ್ಪು. ಎಲ್ಲಾ ಒಟ್ಟಿಗೆ ನೆನೆಸು. ಇಡೀ ಪುಸ್ತಕದ ಹಾಳೆಗಳ ಮುಂದಿನ ಮೈ ಮೊದಲು, ಆಮೇಲೆ ಹಿಂದಿನ ಮೈ. ಒಂದೇ ಉಸಿರಲ್ಲಿ ಮುಗಿಸ್ಬಿಡೋಣ."

"ಆಗಸ್ಟ್ ತಿಂಗಳು ಯಜಮಾನ್ರೇ. ನಡುವೆ ಏನಾದ್ರೂ ಆದ್ರೆ?"

"ಏನಾಗುತ್ತೆ?"

ಮೊಳೆ ಜೋಡಿಸುತ್ತಿದ್ದ ಡಾರ್ಕಸ್ ತಲೆ ಎತ್ತದೆಯೇ ಅಂದಳು: "ದೇವರ ಕಿವಿಗೆ ಬೀಳೋ ಹಾಗೆ ಆ ಮಾತು ಅನ್ಬೇಡ್ವೋ."

ಪುಸ್ತಕ ಸಣ್ಣದು, ಮೊಳೆ ಬೇಕಾದಷ್ಟಿತ್ತು, ಆದ್ದರಿಂದ ಅಬ್ನರ್ ಹೇಳಿದ್ದು ಆಗದ ಮಾತೇನಲ್ಲ. ಆದರೂ ಕಸುಬಿನವರು ತಲೆತಲಾಂತರದಿಂದ ಒಂದು ಕೆಲಸವನ್ನು ಒಂದೇ ರೀತಿಯಲ್ಲಿ ಮಾಡಿಕೊಂಡು ಬಂದಿದ್ದರೆ ಅದಕ್ಕೆ ಕಾರಣ ಇರುತ್ತದೆ. ಅಬ್ನರ್‌ಗೆ ಅದು ಗೊತ್ತಿರಲಿಲ್ಲವೆಂದಲ್ಲ. ಚಂದದ ಆಸೆ ತಲೆಗೇರಿದವನಿಗೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ.

ಮುಂದಿನ ಮೈಯ ಅಚ್ಚು ಹೂವು ಎತ್ತಿದ ಹಾಗೆ ಮುಗಿಯಿತು. ಡೂಲನ್ ಹಿಡಿ ಎಳೆದ, ಅಬ್ನರ್ ಮಸಿ ಹಚ್ಚಿದ, ಡಾರ್ಕಸ್ ಒಂದೊಂದೇ ಹಾಳೆ ಪರೀಕ್ಷಿಸಿ ಪೇರಿಸಿದಳು. ಪ್ರತಿ ಹಾಳೆಯಲ್ಲೂ ಪ್ರೆಸ್ಸಿನ ಎರಡು ಸಣ್ಣ ಮುಳ್ಳುಗಳ ತೂತು ಬಿದ್ದಿತ್ತು. ತಿರುಗಿಸಿ ಹಿಂದಿನ ಮೈ ಒತ್ತುವಾಗ ಅದೇ ತೂತುಗಳನ್ನು ಅದೇ ಮುಳ್ಳುಗಳಿಗೆ ಕೂರಿಸಬೇಕು. ಆಗ ಹಿಂದಿನ ಸಾಲು ಮುಂದಿನ ಸಾಲಿಗೆ ಸರಿಯಾಗಿ ಬೆನ್ನು ಕೊಟ್ಟು ನಿಲ್ಲುತ್ತದೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ಎರಡೂ ಒಂದರೊಳಗೊಂದು ಅಡಗಿ, ಸಾಲು ಸಾಲಿನ ನಡುವೆ ಶುಭ್ರವಾದ ಬೆಳಕು ಬರಬೇಕು. ಒಳ್ಳೆಯ ಮುದ್ರಕನ ಮಾನ ಇರುವುದೇ ಅಲ್ಲಿ.

ಹಿಂದಿನ ಮೈ ಶುರು ಮಾಡಬೇಕೆಂದು ಮೊಳೆ ಕಟ್ಟಿ ಪ್ರೆಸ್ಸಿಗೆ ಹಾಕಿದರು. ಡೂಲನ್ ಅಂಗೈಗೆ ಉಗುಳು ಹಚ್ಚಿಕೊಂಡು, ಬರೀ ಬೇಡದ ಕಾಗದದ ಮೇಲೆ ಒಂದು ಪರೀಕ್ಷೆಯ ಎಳೆತ ಎಳೆದ. ಫಟ್ ಎಂದಿತು.

ಪ್ರೆಸ್ಸಿನಲ್ಲಿ ಮಡಚಿ ನೆಟ್ಟಗಾಗುತ್ತಾ ಒತ್ತಡ ಕೊಡುವ ಕಬ್ಬಿಣದ ತುಂಡೊಂದಿರುತ್ತದೆ. ಕಸುಬಿನವರು ಅದನ್ನು ಮೊಣಕೈ ಅನ್ನುತ್ತಾರೆ. ಆ ಮೊಣಕೈ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಡೂಲನ್ ಹಿಡಿ ಬಿಟ್ಟು ಶಿಲುಬೆಯ ಗುರುತು ಮಾಡಿಕೊಂಡ. ಎರಕದ ಕಬ್ಬಿಣ, ಊರಿನ ಕಮ್ಮಾರ ಬೆಸೆಯುವಂಥದ್ದಲ್ಲ. ಬಾಸ್ಟನ್‌ಗೆ ತಂತಿ ಕೊಟ್ಟರು. ಹೊಸದು ಎರೆದು ಕಳಿಸಲು ಮುಂದಿನ ವಾರದ ಕೊನೆಯಾಗುತ್ತದೆಂದು ಉತ್ತರ ಬಂತು.

ಅಬ್ನರ್ ನೆನೆದ ಕಾಗದದ ಗುಡ್ಡದ ಪಕ್ಕದಲ್ಲಿ ಕುಕ್ಕರಿಸಿ ಕೂತ. ಹೊರಗೆ ಸೆಕೆಯೆಂದರೆ ಸೆಕೆ. ನದಿಯಿಂದ ಹಬೆ ಏಳುತ್ತಿತ್ತು, ಕಪಾಟಿನಲ್ಲಿದ್ದ ಜೋಡು ಎರಡೇ ದಿನಕ್ಕೆ ಹಸಿರು ಬೂಷ್ಟು ಹಿಡಿಯುವ ಹವೆ. ಒದ್ದೆ ಕಾಗದ ಆ ಸೆಕೆಯಲ್ಲಿ ವಾರಗಟ್ಟಲೆ ಇದ್ದರೆ ಕೊಳೆಯದೆ ಇರುತ್ತದೆಯೇ?

"ಹರವಿ ಒಣಗಿಸ್ಬಿಡೋಣ್ವಾ ಯಜಮಾನ್ರೇ?" ಡೂಲನ್ ಮೆಲ್ಲಗೆ ಕೇಳಿದ.

"ಒಣಗಿದ್ರೆ ಕುಗ್ಗುತ್ತೆ ಡೂಲನ್. ಮತ್ತೆ ನೆನೆಸಿದ್ರೆ ಒಂದು ಹಾಳೆ ಒಂದು ಥರ ಹಿಗ್ಗುತ್ತೆ. ಮುಂದಿನ ಸಾಲು ಒಂದು ಕಡೆ, ಹಿಂದಿನ ಸಾಲು ಒಂದು ಕಡೆ. ನಿನಗೆ ನಾನು ಹೇಳ್ಬೇಕಾ?"

"ಪತ್ರಿಕೆಯವರ ಯಂತ್ರ?"

"ಆ ಉಗಿಯಂತ್ರದ ಉರುಳೆಗಳು ಈ ಕಾಗದಾನ ಜಗಿದು ಉಗೀತಾವೆ."

"ಕಾರ್ಬಾಲಿಕ್ ಚಿಮುಕಿಸಿದ್ರೆ ಬೂಷ್ಟು ಬರಲ್ಲ ಅಂತಾರೆ."

"ಸೇಬಿನ ಪುಸ್ತಕ ಗಾಯದ ಪಟ್ಟಿ ಥರ ನಾರ್ಬೇಕಾ?"

"ಡಾಕ್ಟರ ಪುಸ್ತಕ ಅಲ್ವೇನೋ, ನಾರಿದ್ರೆ ನಾರ್ಲಿ" ಎಂದಳು ಡಾರ್ಕಸ್. ನಗಿಸಬೇಕೆಂದು ಅಂದದ್ದು. ಯಾರಿಗೂ ನಗು ಬರಲಿಲ್ಲ. ಅವಳಿಗೂ ಬರಲಿಲ್ಲ.

ಶನಿವಾರ ಅಬ್ನರ್ ಗುಡ್ಡದ ಬುಡಕ್ಕೆ ಮೂಗು ಹಚ್ಚಿ ನೋಡಿದ. ನೆಲಮಾಳಿಗೆಯಲ್ಲಿ ಮರೆತುಬಿಟ್ಟ ಆಲೂಗೆಡ್ಡೆಯ ವಾಸನೆ ಒಂದು ಚೂರು, ಇದೆಯೋ ಇಲ್ಲವೋ ಅನ್ನುವ ಹಾಗೆ ಬಂತು. ಮೇಲೆ ಹೊದಿಸಿದ್ದ ಬೇಡದ ಹಾಳೆಯ ಮೂಲೆಯಲ್ಲಿ ಸಾಸಿವೆಯಷ್ಟು ಬೂದು ಚುಕ್ಕೆ ಕಂಡಿತು. ಆ ಹಾಳೆಯನ್ನು ತೆಗೆದೆಸೆದು, ಉಳಿದವನ್ನು ಒಂದೊಂದಾಗಿ ನೋಡಿದ. ಒಳಗೆ ಇನ್ನೂ ಬಂದಿರಲಿಲ್ಲ. ಬರುವುದಕ್ಕೆ ಹೊತ್ತು ಬೇಕಾಗಿರಲಿಲ್ಲ.

ಭಾನುವಾರ ಚರ್ಚಿನ ಬಾಗಿಲಲ್ಲಿ ಮಿಸೆಸ್ ಆಲ್ಡನ್ ಸಿಕ್ಕರು. ತಪ್ಪಿಸಿಕೊಳ್ಳಬೇಕೆಂದು ಅಬ್ನರ್ ಕಂಬದ ಹಿಂದೆ ಸರಿದಿದ್ದ. ಅವರೇ ಹುಡುಕಿಕೊಂಡು ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ನಂಗೆ ಈಗ ರಾತ್ರಿ ನಿದ್ದೆ ಬರುತ್ತೆ ಮಿಸ್ಟರ್ ಟ್ವಿಚೆಲ್. ಆ ಕಾಗದ ತಲೆ ಮೇಲೆ ಅಟ್ಟದಲ್ಲಿರೋವಾಗ ಅವರು ಇನ್ನೂ ಕಾಯ್ತಾ ಇದಾರೆ ಅನ್ನಿಸ್ತಿತ್ತು. ಈಗ ಮನೆ ಹಗುರಾಗಿದೆ."

ಅಬ್ನರ್ ಏನು ಹೇಳಿದನೋ ಅವನಿಗೇ ಗೊತ್ತಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹಾಲೆಂಡಿನಿಂದ ಸಮುದ್ರ ದಾಟಿ ಬಂದು, ಇಲಿ, ಬೆಂಕಿ, ಮಳೆ ಎಲ್ಲದರಿಂದ ಪಾರಾಗಿ ಉಳಿದ ಕಾಗದವನ್ನು ತಾನು, ಕಾಗದ ಪ್ರೀತಿಸುವವನು, ಕೊಳೆಸುತ್ತಿದ್ದೇನೆ!

ಊಟಕ್ಕೆ ಬೆಂದ ಬೀನ್ಸ್ ಕಾಳು, ಕಂದು ರೊಟ್ಟಿ. ಡಾರ್ಕಸ್ ಬೆಣ್ಣೆಯ ಬಟ್ಟಲನ್ನು ರೊಟ್ಟಿಯ ಮೇಲೆ ಬಗ್ಗಿಸಿದಳು, ಅದು ಹಳದಿ ನೀರಾಗಿ ತಟ್ಟೆಯ ತುಂಬ ಹರಿದು ಮೇಜಿನ ಬಟ್ಟೆಗೂ ಇಳಿಯಿತು. ಅಷ್ಟು ದಿನದ ಸಿಟ್ಟು ಅವಳಿಗೆ ಒಮ್ಮೆಲೇ ನೆತ್ತಿಗೇರಿತು.

"ಊರಲ್ಲಿ ಎಲ್ಲರ ಮನೇಲೂ ಬೆಣ್ಣೆ ವಾರಗಟ್ಟಲೆ ಕೆಡದೆ ಕೂತಿರುತ್ತೆ! ಮೀನು ಕೆಡಲ್ಲ, ಹಾಲು ಕೆಡಲ್ಲ! ನಮ್ಮನೇಲಿ ಮಾತ್ರ..." ಅಂದವಳು ಅಲ್ಲಿಗೇ ನಿಂತಳು.

ಅಬ್ನರನೂ ರೊಟ್ಟಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ್ದ. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿದರು.

"ಬೇಡ" ಅಂದ ಅಬ್ನರ್.

"ನಾನಿನ್ನೂ ಏನೂ ಅಂದಿಲ್ಲ."

"ಅವನು ನನ್ನ ಬಾಗಿಲಿಂದ ಆಚೆ ತಳ್ತಾನೆ."

"ತಳ್ಳಿಸ್ಕೋ. ಬಿದ್ದ ಮೇಲೆ ಎದ್ದು ಮತ್ತೆ ಕೇಳು. ಟೊಪ್ಪಿ ಅಲ್ಲಿದೆ."

ಸ್ಪಾಫರ್ಡನ ಉಗ್ರಾಣ ಊರಾಚೆಯ ಕೆರೆಯ ದಡದಲ್ಲಿತ್ತು. ಕಿಟಕಿಯಿಲ್ಲದ ದೊಡ್ಡ ಮರದ ಕಟ್ಟಡ. ಜನವರಿಯಲ್ಲಿ ಕೆರೆ ಹೆಪ್ಪುಗಟ್ಟಿದಾಗ ಗರಗಸದಲ್ಲಿ ಕೊಯ್ದ ಗಡ್ಡೆಗಳನ್ನು ಅಲ್ಲಿ ಮಾಡಿನ ತನಕ ಪೇರಿಸಿ, ಮರದ ಹೊಟ್ಟು ತುಂಬಿ ಮುಚ್ಚಿಡುತ್ತಿದ್ದರು. ಮಧ್ಯಾಹ್ನದ ಉಪದೇಶಕ್ಕೆ ಚಕ್ಕರ್ ಹೊಡೆದ ಸ್ಪಾಫರ್ಡ್ ಆ ಬಾಗಿಲ ಒಳಗೆ ಕುರ್ಚಿ ಹಾಕಿಕೊಂಡು, ಕಾಲು ಚಾಚಿ, ಹಾಯಾಗಿ ಕೂತಿದ್ದ. ಅಬ್ನರನನ್ನು ಕಂಡು ಕಾಲನ್ನೂ ಮಡಚಲಿಲ್ಲ.

"ಏನು, ದಾರಿ ತಪ್ತಾ?"

ಅಬ್ನರ್ ಬೆವರು ಒರೆಸಿಕೊಳ್ಳುತ್ತಾ ನಿಂತೇ ಎಲ್ಲವನ್ನೂ ಹೇಳಿದ. ಡಾಕ್ಟರ ಕಾಗದ, ಒಟ್ಟಿಗೆ ನೆನೆಸಿದ್ದು, ಮುರಿದ ಮೊಣಕೈ, ಬೂದು ಚುಕ್ಕೆ, ಯಾವುದನ್ನೂ ಮುಚ್ಚಿಡಲಿಲ್ಲ. ಕೊನೆಗೆ, ಆ ಕಟ್ಟುಗಳನ್ನು ಇಡಲು ಒಂದು ಮೂಲೆ ಜಾಗ ಬೇಕಿತ್ತು ಎಂದ.

"ಜಾಗಾನಾ?" ಸ್ಪಾಫರ್ಡ್ ಮಾಡು ನೋಡುತ್ತಾ ಅಂದ. "ನನ್ನ ಕರಪತ್ರದಲ್ಲಿ ಅಷ್ಟೊಂದು ಖಾಲಿ ಜಾಗ ಬಿಟ್ಟಿದ್ಯಲ್ಲ, ಅಲ್ಲೇ ಇಟ್ಕೋ."

ಅಬ್ನರ್‌ಗೆ ಮುಖಕ್ಕೆ ಹೊಡೆದ ಹಾಗಾಯಿತು. ಆದರೆ ಆ ಮಾತು ಎಷ್ಟು ಸರಿಯಾಗಿ ಕೂತಿತ್ತೆಂದರೆ, ಬೇರೆಯವರ ಬಗ್ಗೆ ಅಂದಿದ್ದರೆ ಅವನೇ ನಕ್ಕುಬಿಡುತ್ತಿದ್ದ.

"ಅಂದುಬಿಡು ಜೇಬೆಜ್, ಇನ್ನೇನಿದ್ರೂ ಅಂದುಬಿಡು. ನೀನು ಕೇಳಿದ್ದು ಒಂದು, ನಾನು ಮಾಡಿದ್ದು ನಂಗೆ ಬೇಕಾಗಿದ್ದು. ಈ ಕಾಗದದಲ್ಲೂ ಅದೇ ಮಾಡ್ದೆ. ಬೇರೆಯವರ ಸ್ವತ್ತು ಅನ್ನೋದು ನಂಗೆ ಮರ್ತೇ ಹೋಗುತ್ತೆ. ತಪ್ಪಾಯ್ತು."

ಸ್ಪಾಫರ್ಡ್ ಇಂಥದ್ದನ್ನು ಕೇಳಲು ತಯಾರಾಗಿರಲಿಲ್ಲ. ಹೊಡೆದಾಟಕ್ಕೆ ತೋಳೇರಿಸಿದವನ ಮುಂದೆ ಎದುರಾಳಿ ಕೂತುಬಿಟ್ಟಂತಾಯಿತು. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ.

"ಅಂದ್ರೆ, ಅದು ಒಣಗ್ಲೂ ಬಾರ್ದು, ಕೊಳೀಲೂ ಬಾರ್ದು. ಹೆಂಗಿದ್ಯೋ ಹಂಗೇ ಇರ್ಬೇಕು."

"ಹೌದು."

"ಜನವರಿಯಿಂದ ನಾನು ಮಾಡ್ತಿರೋದು ಇನ್ನೇನು ಮತ್ತೆ? ಈ ಸೂರ್ಯನ ಕೂಡೆ ಕುಸ್ತಿ ಮಾಡಿ ಮಾಡಿ ನನ್ನ ಬೆನ್ನು ಬಿದ್ದೋಗಿದೆ." ಕುರ್ಚಿಯಿಂದ ಎದ್ದ. "ಗಾಡಿ ಕಟ್ತೀನಿ. ಆದ್ರೆ ಪ್ರೆಸ್ಸು ರಿಪೇರಿ ಆದ್ಮೇಲೆ ನನ್ನ ಕರಪತ್ರ ಹೊಸದಾಗಿ ಆಗ್ಬೇಕು. ಅಂಚು ಗಿಂಚು ಇರ್ಕೂಡ್ದು."

"ಎರಡು ಕೈ ಹಾಕ್ತೀನಿ."

"ನಾಲ್ಕು."

"ಆಗ್ಲಿ, ನಾಲ್ಕು." ಅಬ್ನರ್ ಕಣ್ಣು ಮುಚ್ಚಿಕೊಂಡು ಒಪ್ಪಿದ.

ಅದೇ ಮಧ್ಯಾಹ್ನ ಸ್ಪಾಫರ್ಡನ ಗಾಡಿ ಟ್ವಿಚೆಲ್ ಮನೆಯ ಮುಂದೆ ನಿಂತಿತು. ಕುದುರೆಗೆ ನಂಬಿಕೆ ಬಾರದೆ ಎರಡು ಸಲ ಮುಂದೆ ಹೋಗಲು ನೋಡಿತು. ಎದುರು ಮನೆಗಳ ಕಿಟಕಿ ಪರದೆಗಳು ಅಲ್ಲಾಡಿದವು. ಡಾರ್ಕಸ್ ಮತ್ತು ಡೂಲನ್ ಹಾಳೆಗಳನ್ನು ಮೊದಲು ಒದ್ದೆ ಬಟ್ಟೆಯಲ್ಲಿ, ಮೇಲೆ ಮೇಣದ ಬಟ್ಟೆಯಲ್ಲಿ ಸುತ್ತಿ, ಎಳೆ ಕೂಸನ್ನು ಹಸ್ತಾಂತರಿಸುವ ಹಾಗೆ ಒಂದೊಂದೇ ಕಟ್ಟನ್ನು ಕೊಟ್ಟರು.

"ನಮ್ಮನೆ ಹಿಂದಿನ ಮರ ಇದ್ರಲ್ಲಿದ್ಯಾ?" ಕಟ್ಟು ಇಳಿಸಿಕೊಳ್ಳುತ್ತಾ ಸ್ಪಾಫರ್ಡ್ ಕೇಳಿದ. "ಡಾಕ್ಟ್ರು ಒಂದ್ಸಲ ಬಂದು ತಿಂದಿದ್ರು."

"ಇದೆ" ಎಂದಳು ಡಾರ್ಕಸ್. ಪುಸ್ತಕದ ಒಂದೊಂದು ಅಕ್ಷರವನ್ನೂ ಜೋಡಿಸಿದವಳು ಅವಳು.

"ಏನಂತ?"

"ಹಂದಿಗೆ ಹಾಕ್ಬಹುದು ಅಂತ."

ಸ್ಪಾಫರ್ಡ್ ಗಾಡಿಯ ಪಕ್ಕಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಡಾಕ್ಟ್ರು ಯಾವತ್ತೂ ಸುಳ್ಳು ಹೇಳಿದ ಮನುಷ್ಯ ಅಲ್ಲ!"

ಕಟ್ಟುಗಳನ್ನು ಗಡ್ಡೆಯ ಮೇಲೇ ಇಡಲು ಸ್ಪಾಫರ್ಡ್ ಬಿಡಲಿಲ್ಲ. ಹೆಪ್ಪುಗಟ್ಟಿದರೆ ಕಾಗದದ ನಾರು ಸಿಡಿದೀತೆಂದು, ಗಡ್ಡೆಗೂ ಅದಕ್ಕೂ ನಡುವೆ ಹೊಟ್ಟಿನ ದಪ್ಪ ಹಾಸಿಗೆ ಹಾಸಿ, ಗೋಡೆ ಬದಿಯ ಹಲಗೆಯ ಮೇಲೆ ಇಡಿಸಿದ. ಪ್ರತಿದಿನ ಅಬ್ನರ್ ಬಂದು ಆ ಹಲಗೆಯ ಪಕ್ಕದಲ್ಲಿ ಉಣ್ಣೆಯ ಕೋಟು ಹಾಕಿಕೊಂಡು ಕೂರುತ್ತಿದ್ದ. ಹೊರಗೆ ಜನ ಬೀಸಣಿಗೆ ಬೀಸಿಕೊಳ್ಳುತ್ತಿದ್ದರೆ ಇವನ ಮೂಗು ಕೆಂಪಾಗಿರುತ್ತಿತ್ತು.

"ಕಾವಿಗೆ ಕೂತ ಕೋಳಿ ಥರ ಕೂತಿದ್ಯಲ್ಲಯ್ಯ" ಎಂದು ಸ್ಪಾಫರ್ಡ್ ಛೇಡಿಸುವನು. "ಬಿಚ್ಚಿ ನೋಡ್ಬೇಡ. ನೋಡಿದಷ್ಟೂ ಬಿಸಿ ಗಾಳಿ ಒಳಗೆ ಹೋಗುತ್ತೆ."

ಬಿಚ್ಚಬಾರದೆಂಬುದೇ ದೊಡ್ಡ ಸಂಕಟ. ಒಳಗೆ ಏನಾಗುತ್ತಿದೆಯೋ ಯಾರಿಗೆ ಗೊತ್ತು? ಬೂಷ್ಟಿನ ಬೀಜ ಮೊದಲೇ ಒಳಗೆ ಸೇರಿಕೊಂಡಿದ್ದರೆ? ಅಂಚುಗಳು ಒಣಗಿ ನಡುವೆ ಮಾತ್ರ ಒದ್ದೆ ಉಳಿದರೆ? ಅಬ್ನರ್ ಹುಟ್ಟಿದಾರಭ್ಯ ಮಾಡಿರದಷ್ಟು ಪ್ರಾರ್ಥನೆಯನ್ನು ಆ ಹೊಟ್ಟಿನ ಗುಡ್ಡೆಯ ಮುಂದೆ ಮಾಡಿದ.

ಕೊನೆಗೆ ರೈಲಿನಲ್ಲಿ ಹೊಸ ಮೊಣಕೈ ಬಂತು. ಡೂಲನ್ ಅದನ್ನು ಪ್ರೆಸ್ಸಿಗೆ ಕೂರಿಸಿ, ಎಣ್ಣೆ ಹಾಕಿ, ಬರಿದೆ ಎಳೆದು ಎಳೆದು ನೋಡಿ, ಕಿವಿಗೊಟ್ಟು ಕೇಳಿ, ಸರಿ ಅಂದ. ಕಟ್ಟುಗಳು ಗಾಡಿಯಲ್ಲಿ ಮನೆಗೆ ಬಂದವು. ಅಬ್ನರ್ ಚಾಕು ತೆಗೆದುಕೊಂಡು ಹಗ್ಗದ ಮೇಲೆ ಬಿದ್ದ.

"ಮುಟ್ಟಿದ್ರೆ ಕೈ ಮುರೀತೀನಿ!" ಬಾಗಿಲಿಂದ ಸ್ಪಾಫರ್ಡ್ ಕೂಗಿದ. "ತಣ್ಣಗಿರೋದನ್ನ ಈ ಸೆಕೇಲಿ ಬಿಚ್ಚಿದ್ರೆ ಗಾಳೀಲಿರೋ ನೀರೆಲ್ಲಾ ಬಂದು ಅದ್ರ ಮೇಲೆ ಕೂರುತ್ತೆ. ಮೇಣದ ಬಟ್ಟೆ ಬೆವರೋದು ನಿಲ್ಲೋ ತನಕ ಸುಮ್ನಿರು. ಇಷ್ಟು ದಿನ ಕಾದಿದ್ದೀಯ, ಒಂದು ಬೆಳಗ್ಗೆ ಕಾಯೋಕಾಗಲ್ವಾ?"

ಕಾದರು. ನಾಲ್ವರೂ ಆ ಬೆವರುವ ಕಟ್ಟುಗಳ ಸುತ್ತ ಕೂತರು. ಡಾರ್ಕಸ್ ಚಹಾ ಮಾಡಿದಳು, ಯಾರೂ ಕುಡಿಯಲಿಲ್ಲ. ಮೇಣದ ಬಟ್ಟೆಯ ಮೇಲಿನ ಹನಿಗಳು ದಪ್ಪವಾದವು, ಹರಿದವು, ಒರೆಸಿದ ಮೇಲೆ ಮತ್ತೆ ಮೂಡಿದವು, ಆಮೇಲೆ ಮೂಡುವುದನ್ನು ನಿಲ್ಲಿಸಿದವು. ಸ್ಪಾಫರ್ಡ್ ಅಂಗೈಯಿಟ್ಟು ನೋಡಿ ತಲೆಯಾಡಿಸಿದ.

ಅಬ್ನರ್ ಹಗ್ಗ ಕೊಯ್ದ. ಮೇಣದ ಬಟ್ಟೆ, ಒದ್ದೆ ಬಟ್ಟೆ, ಬೇಡದ ಹಾಳೆ, ಒಂದೊಂದನ್ನೇ ಸರಿಸಿದ. ಮೂಗು ಹಚ್ಚಿದ. ಒದ್ದೆ ಕಾಗದದ ವಾಸನೆ, ಮಸಿಯ ವಾಸನೆ. ಆಲೂಗೆಡ್ಡೆಯ ವಾಸನೆ ಇರಲಿಲ್ಲ. ಡಾರ್ಕಸ್ ಕನ್ನಡಕ ಏರಿಸಿ ಮೂಲೆ ಮೂಲೆ ಹುಡುಕಿದಳು, ಒಂದು ಚುಕ್ಕೆಯೂ ಇರಲಿಲ್ಲ. ಡೂಲನ್ ಒಂದು ಹಾಳೆ ಎತ್ತಿ ಕೆನ್ನೆಗೆ ಒತ್ತಿಕೊಂಡ. ಕಾಗದದ ಹದವನ್ನು ಪ್ರೆಸ್ಸಿನವರು ಕೈಯಿಂದ ನೋಡುವುದಿಲ್ಲ, ಕೆನ್ನೆಯಿಂದ ನೋಡುತ್ತಾರೆ.

"ನಾವು ನೆನೆಸಿದ ದಿನ ಹೆಂಗಿತ್ತೋ ಹಂಗೇ ಇದೆ ಅನ್ಸುತ್ತೆ ಯಜಮಾನ್ರೇ" ಎಂದ. "ಆದ್ರೂ ಒತ್ತಿ ನೋಡದೆ ಹೇಳ್ಬಾರ್ದು."

ಅದೇ ಸತ್ಯ. ಒಂದು ಕೂದಲಷ್ಟು ಕುಗ್ಗಿದ್ದರೂ ಕೆನ್ನೆಗೆ ತಿಳಿಯುವುದಿಲ್ಲ, ಬೆಳಕಿಗೆ ತಿಳಿಯುತ್ತದೆ. ಡೂಲನ್ ಹಾಳೆಯನ್ನು ತಿರುಗಿಸಿ, ಹಳೆಯ ತೂತುಗಳನ್ನು ಮುಳ್ಳಿಗೆ ಕೂರಿಸಿದ. ಎಳೆಯಲಿಲ್ಲ, ತಳ್ಳಲಿಲ್ಲ, ತೂತುಗಳು ತಾವಾಗಿ ಹೋಗಿ ಕೂತವು. ಅಬ್ನರ್ ಮೊಳೆಗೆ ಮಸಿ ಹಚ್ಚಿದ. 'ಯೇಸುವೇ' ಎಂದು ಡೂಲನ್ ಹಿಡಿ ಎಳೆದ. ಹೊಸ ಮೊಣಕೈ ಮಡಚಿ, ನೆಟ್ಟಗಾಗಿ, ಹಿಂದಕ್ಕೆ ಬಂತು.

ಹಾಳೆಯನ್ನು ಎತ್ತಿಕೊಂಡು ಅಬ್ನರ್ ಕಿಟಕಿಯ ತನಕ ಹೋದ. ಅಲ್ಲಿ ನಿಂತವನಿಗೆ ಕೈ ಮೇಲೇಳಲಿಲ್ಲ. ಸಾಲುಗಳು ಜಾರಿದ್ದರೆ ಮಿಸೆಸ್ ಆಲ್ಡನ್‌ಗೆ ಏನೆಂದು ಹೇಳುವುದು? ಆ ಹೆಂಗಸು ಮತ್ತೆ ಮಾಡು ನೋಡುತ್ತಾ ಎಚ್ಚರವಾಗಿ ಮಲಗಬೇಕೇ? ಡಾರ್ಕಸ್ ಕಡೆ ನೋಡಿದ. ಅವಳು ಕನ್ನಡಕ ತೆಗೆದು ಏಪ್ರನ್ನಿನಲ್ಲಿ ಒರೆಸುವ ನೆಪದಲ್ಲಿ ತಲೆ ತಗ್ಗಿಸಿಬಿಟ್ಟಿದ್ದಳು. ಡೂಲನ್ ಪ್ರೆಸ್ಸಿನ ಹಿಂದಿನಿಂದ ಹೊರಗೆ ಬರಲಿಲ್ಲ.

"ನೀನು ನೋಡು ಜೇಬೆಜ್" ಎಂದು ಅಬ್ನರ್ ಹಾಳೆಯನ್ನು ಸ್ಪಾಫರ್ಡನ ಕೈಗಿಟ್ಟು ಗೋಡೆಯ ಕಡೆ ತಿರುಗಿ ನಿಂತ. "ಬೆಳಕಿಗೆ ಹಿಡಿದು ನೋಡು."

"ನೋಡಿ ಏನು ಹೇಳ್ಬೇಕು?"

"ಹಿಂದ್ಗಡೆ ಅಚ್ಚು ಹೆಂಗಿದೆ ಅಂತ. ಇದ್ದಿದ್ದು ಇದ್ದ ಹಾಗೆ ಹೇಳು."

ಸ್ಪಾಫರ್ಡ್ ಗಡ್ಡೆ ಎತ್ತುವ ಆ ದಪ್ಪ ಬೆರಳುಗಳ ತುದಿಯಲ್ಲಿ ಹಾಳೆಯನ್ನು ಹಿಡಿದು ಕಿಟಕಿಗೆ ಎತ್ತಿದ. ದೂರ ಹಿಡಿದ, ಹತ್ತಿರ ಹಿಡಿದ. ಒಂದು ಕಣ್ಣು ಮುಚ್ಚಿದ, ಆಮೇಲೆ ಇನ್ನೊಂದು. ಅವನ ಮುಖ ನಿಧಾನವಾಗಿ ಇಳಿಯಿತು. ಹಾಳೆ ಹಿಡಿದೇ ಗಂಟಲು ಸರಿ ಮಾಡಿಕೊಂಡ.

"ಅಬ್ನರ್" ಎಂದ, ಸಾವಿನ ಸುದ್ದಿ ತಂದವನ ದನಿಯಲ್ಲಿ. "ಬೇಜಾರು ಮಾಡ್ಕೋಬೇಡ ಕಣಯ್ಯ. ನಂಗೆ ನಿಮ್ಮ ಕಸುಬು ಗೊತ್ತಿಲ್ಲ, ಆದ್ರೆ ಇದು ಕೆಟ್ಟೋಗಿದೆ. ಹಿಂದ್ಗಡೆ ಏನೂ ಬಿದ್ದೇ ಇಲ್ಲ. ಮುಂದಿನ ಸಾಲು ಬಿಟ್ರೆ ನಡುವೆ ಬರೀ ಬೆಳಕು."

ಡಾರ್ಕಸ್‌ಳ ಕೈಯಿಂದ ಕನ್ನಡಕ ಬಿತ್ತು. ಡೂಲನ್ ಪ್ರೆಸ್ಸಿನ ಹಿಂದೆ ಹೋ ಎಂದು ಕೂಗಿದ, ಅದು ನಗುವೋ ಅಳುವೋ ತಿಳಿಯುವಂತಿರಲಿಲ್ಲ. ಅಬ್ನರ್ ಗೋಡೆಯಿಂದ ಇತ್ತ ತಿರುಗಿದ. ಗೋಡೆಗೆ ಬೆನ್ನು ಕೊಟ್ಟು ಕುಸಿದು ನೆಲದ ಮೇಲೇ ಕೂತುಬಿಟ್ಟ. ಮಸಿ ಕೈಯಲ್ಲೇ ಮುಖ ಉಜ್ಜಿಕೊಂಡ, ಮುಖವೆಲ್ಲ ಕಪ್ಪಾಯಿತು, ಆ ಕಪ್ಪಿನ ಮೇಲೆ ಕಣ್ಣೀರು ದಾರಿ ಮಾಡಿಕೊಂಡು ಇಳಿಯಿತು. ಅಷ್ಟು ದಿನ ಎದೆಯ ಮೇಲೆ ಕೂತಿದ್ದ ಬಂಡೆ ಎಲ್ಲಿ ಹೋಯಿತೋ, ಉಸಿರು ಹೊಟ್ಟೆಯ ತನಕ ಇಳಿದು ಬಂತು.

ಸ್ಪಾಫರ್ಡ್ ಗಾಬರಿಯಾಗಿ ಹಾಳೆ ಹಿಡಿದುಕೊಂಡೇ ಅವನ ಮುಂದೆ ಬಗ್ಗಿದ. "ಅಯ್ಯೋ, ಅಳ್ಬೇಡ್ವೋ! ನಾನು ಸರಿಯಾಗಿ ನೋಡ್ಲಿಲ್ವೋ ಏನೋ!"

"ಇನ್ನೊಂದ್ಸಲ ಹೇಳು ಜೇಬೆಜ್."

"ಏನು ಹೇಳ್ಲಿ?"

"ಅದೇ. ಹಿಂದೆ ಏನೂ ಕಾಣ್ತಿಲ್ಲ ಅಂತ."